ಬೆನ್ನ ಹಿಂದಿನ ಕ್ಲಿಪ್ಪು

ಮಗುವನ್ನು ಮೈಗೆ ಕಟ್ಟಿಕೊಂಡು ಓಡಾಡೋ ಬೇಬಿ ಕ್ಯಾರಿಯರ್ ಮಾಡುವವರು ಮಗುವಿನ ಬಗ್ಗೆ ಎಲ್ಲಾ ಯೋಚನೆ ಮಾಡಿರುತ್ತಾರೆ. ಅದನ್ನು ಹೊರೋ ಅಪ್ಪ ಮಧ್ಯೆ ತಿಂಡಿ ತಿನ್ನಬಹುದು ಅನ್ನೋದು ಮಾತ್ರ ಯಾರ ತಲೆಗೂ ಹೊಳೆದ ಹಾಗಿಲ್ಲ.

ಇದರಲ್ಲಿ ಎಷ್ಟು ಥರ ಇವೆ ಅಂತ ಕೊಳ್ಳೋಕೆ ಹೋದಾಗಲೇ ಗೊತ್ತಾಗೋದು. ಮೈಗೆಲ್ಲ ಸುತ್ತಿ ಕಟ್ಟುವ ಉದ್ದನೆ ಬಟ್ಟೆಯದು ಒಂದು, ಹೆಚ್ಚುಕಮ್ಮಿ 5 ಮೀಟರ್. ಗೆಳೆಯನ ಮನೆಯಿಂದ ತಂದು ಸುತ್ತಿಕೊಳ್ಳುತ್ತಿದ್ದಾಗ ಅಮ್ಮ ನೋಡಿ, "ಸೀರೆ ಉಡೋದು ಕಲೀತಿದ್ಯೇನೋ, ನೆರಿಗೆ ನಾನ್ ಹಿಡೀಲಾ?" ಅಂದರು. ಅದು ಅಲ್ಲಿಗೇ ವಾಪಸ್ ಹೋಯಿತು. ಎರಡು ರಿಂಗಿನೊಳಗೆ ಬಟ್ಟೆ ತೂರಿಸಿ ಒಂದೇ ಭುಜಕ್ಕೆ ಹಾಕುವ ಸ್ಲಿಂಗ್ ಇನ್ನೊಂದು. ಹೆಂಡತಿಗೆ ಅದು ಸಲೀಸು, ನನಗೆ ಒಂದೇ ಕಡೆ ಭಾರ ಬಿದ್ದು ಕತ್ತು ಹಿಡಿಯಿತು. ಕೊನೆಗೆ ಸೊಂಟಕ್ಕೆ ದಪ್ಪ ಬೆಲ್ಟು, ಎರಡು ಭುಜಕ್ಕೂ ಪಟ್ಟಿ ಇರುವ ಬಕಲ್ಲಿನದ್ದೇ ಸರಿ ಅಂತಾಯಿತು.

ಅದಕ್ಕೂ ನಿಯಮ ಇವೆ, ಒಳ್ಳೆ ನಿಯಮಗಳೇ. ಮಗುವಿನ ಮುಖ ನಮಗೆ ಕಾಣುತ್ತಿರಬೇಕು. ತಲೆ, ನಾವು ಸ್ವಲ್ಪ ಬಗ್ಗಿದರೆ ಮುತ್ತು ಕೊಡುವಷ್ಟು ಹತ್ತಿರ ಇರಬೇಕು. ಮಗುವಿನ ಗದ್ದ ಅದರದೇ ಎದೆಗೆ ಒತ್ತಿಕೊಂಡರೆ ಉಸಿರಾಟಕ್ಕೆ ತೊಂದರೆ, ಹಾಗಾಗಿ ಮಧ್ಯೆ ಬೆರಳು ತೂರುವಷ್ಟು ಜಾಗ ಬೇಕು. ಕಾಲು ಸುಮ್ನೆ ನೇತಾಡಬಾರದು. ತೊಡೆಗೆ ಪೂರ್ತಿ ಆಸರೆ ಸಿಕ್ಕಿ, ಮಂಡಿ ಕುಂಡಿಗಿಂತ ಮೇಲೆ ಇರಬೇಕು, ಸೊಂಟದ ಕೀಲಿಗೆ ಅದೇ ಒಳ್ಳೇದು. ಮೊದಲೇ ಮಗಳನ್ನು ಕೂರಿಸೋಕೆ ಧೈರ್ಯ ಬರದೆ 5 ಕೆಜಿ ರಾಗಿಹಿಟ್ಟಿನ ಚೀಲ ಕಟ್ಟಿಕೊಂಡು ಹಾಲ್‌ನಲ್ಲಿ ಓಡಾಡುತ್ತಿದ್ದೆ. ಅತ್ತೆ ಸ್ವಲ್ಪ ಹೊತ್ತು ನೋಡಿ, "ಅಳಿಯಂದ್ರೆ, ಹಿಟ್ಟಿನ ಗದ್ದ ಎಲ್ಲಿ ಬರುತ್ತೆ?" ಅಂತ ಕೇಳಿದರು.

ಅಸಲಿ ಪರೀಕ್ಷೆ ತುಮಕೂರು ಪಕ್ಕದ ಕ್ಯಾತ್ಸಂದ್ರದಲ್ಲಿ. ಹೆಂಡತಿ, ಅತ್ತೆ ಸಿದ್ಧಗಂಗಾ ಮಠದ ಕಡೆ ಹೋದರು. ನಾನು ಮಗಳನ್ನು ಎದೆಗೆ ಕಟ್ಟಿಕೊಂಡು ತಟ್ಟೆ ಇಡ್ಲಿಗೆ ಕೂತೆ. ಎದೆ ಮೇಲೆ ಆರು ತಿಂಗಳ ಮಗು ಇರುವಾಗ ತಟ್ಟೆ ನಿಮ್ಮ ಹತ್ತಿರ ಬರೋಕೆ ಆಗಲ್ಲ, ನೀವು ತಟ್ಟೆ ಹತ್ತಿರ ಬಗ್ಗೋಕೂ ಆಗಲ್ಲ. ಕೈ ಉದ್ದಕ್ಕೆ ಚಾಚಿ ಒಂದು ಚೂರು ಮುರಿದು, ಚಟ್ನಿ ಅದ್ದಿ, ಮಗುವಿನ ತಲೆ ಮೇಲಿಂದ ಸುತ್ತುಹಾಕಿ ಬಾಯಿಗೆ ತರಬೇಕು. ದಾರಿಯಲ್ಲಿ ಏನಾದರೂ ಬಿದ್ದೇ ಬೀಳುತ್ತೆ. ಅವಳ ನೆತ್ತಿ ಮೇಲೆ ಚಟ್ನಿ, ಅದರ ಮೇಲೆ ಕರಗಿದ ಬೆಣ್ಣೆ. ಒರೆಸಿದಷ್ಟೂ ಕೂದಲು ನಿಗುರಿ ನಿಂತಿತು.

ಆಗಲೇ ವಾಸನೆ ಬಂತು. ಎದ್ದೆ, ಬಿಚ್ಚಬೇಕು. ಭುಜದ ಎರಡೂ ಪಟ್ಟಿ ಸೇರುವ ಕ್ಲಿಪ್ಪು ನನ್ನ ಬೆನ್ನ ಮಧ್ಯೆ ಇದೆ, ಎರಡೂ ಹೆಗಲ ಮೂಳೆಗಳ ನಡುವೆ, ಅಂದರೆ ಮನುಷ್ಯನ ಕೈ ಮೇಲಿಂದಲೂ ಸಿಗದ, ಕೆಳಗಿಂದಲೂ ಸಿಗದ ಜಾಗದಲ್ಲಿ. ಬೆಳಿಗ್ಗೆ ಹಾಕಿದ್ದು ಹೆಂಡತಿ. ಸಪ್ಲೈಯರ್ ಹುಡುಗನನ್ನ ಕರೆದರೆ ಅವನ ಎರಡು ಕೈಯಲ್ಲೂ ತಟ್ಟೆ. ಪಕ್ಕದ ಟೇಬಲ್ಲಿನ ಯಜಮಾನರು ಎದ್ದು ಬಂದು ಜೋರಾಗಿ ಎಳೆದರು, ನಾನು ಮಗು ಸಮೇತ ಹಿಂದಕ್ಕೆ ಹೋದೆ. "ನೊಗದ ಮಿಣಿ ಬಿಚ್ಚೋದು ಇದಕ್ಕಿಂತ ವಾಸಿ ಕಣಪ್ಪಾ" ಅಂದರು. ಎಳೀಬೇಡಿ, ಎರಡೂ ಪಕ್ಕ ಒತ್ತಿ ಅಂತ ನಾನು, ಕತ್ತರಿ ತರಲಾ ಅಂತ ಕ್ಯಾಷಿಯರ್! ಕೊನೆಗೆ ಕಾಫಿ ಕುಡೀತಿದ್ದ ಅಜ್ಜಿ ಒಬ್ಬರು ಬಂದು ಟಕ್ ಅಂತ ಒತ್ತಿಬಿಟ್ಟರು. ಪುಣ್ಯಕ್ಕೆ ಎರಡೂ ಕೈಯಲ್ಲಿ ಮಗುವನ್ನು ಹಿಡಿದೇ ಇದ್ದೆ.

ಭುಜದ ಪಟ್ಟಿಗಳನ್ನು ಮುಂದಿನಿಂದಲೇ ಸಡಿಲ ಮಾಡಿದರೆ ಕ್ಲಿಪ್ಪು ಕತ್ತಿನವರೆಗೆ ಮೇಲೆ ಬರುತ್ತೆ, ಆಮೇಲೆ ನಾವೇ ತೆಗೀಬಹುದು. ಇದನ್ನು ಹೆಂಡತಿ ಹೇಳಿದ್ದು ಮನೆಗೆ ಬಂದಮೇಲೆ, ನಗೋದೆಲ್ಲ ಮುಗಿಸಿ.

ಈಗ ಕ್ಯಾರಿಯರ್ ನಮ್ಮ ಮಾವನವರದ್ದು. ಬೆಲ್ಟನ್ನು ಕೊನೆವರೆಗೂ ಸಡಿಲಿಸಿ ಹೊಟ್ಟೆ ಮೇಲೆ ಬಿಗಿದುಕೊಂಡು ಸಂಜೆ ಅಮಾನಿಕೆರೆಗೆ ವಾಕಿಂಗ್ ಹೋಗುತ್ತಾರೆ. ಬೆಲ್ಟಿನ ಜೇಬಲ್ಲಿ ಎಲೆ ಅಡಿಕೆ. ನಾನೂ ಬರ್ತೀನಿ ಅಂದರೆ, ಬೇಡ ಬೇಡ ಅನ್ನುತ್ತಾರೆ. ಬೆನ್ನಿನ ಕ್ಲಿಪ್ಪು ಹಾಕೋಕೆ ಮಾತ್ರ ನನ್ನನ್ನ ಕರೀತಾರೆ.