ಎರಡು ಪೋರ್ಟಿಗೋಸ್ಕರ

ನಮ್ಮನೇಲಿ ಮೂಲೇಲಿ ಒಂದು ಹಳೇ ಕಂಪ್ಯೂಟರ್ ಇದೆ. ನಾನು ಅದನ್ನ ಸರ್ವರ್ ಅಂತೀನಿ, ಮನೆಯವಳು "ಆ ಡಬ್ಬ" ಅಂತಾಳೆ. ಎಲ್ಲರ ಫೋಟೋ, ಬ್ಯಾಕಪ್ಪು, ಯಾರೂ ಯಾವತ್ತೂ ತೆಗೆದು ನೋಡದ ಸ್ಕ್ಯಾನ್ ಕಾಪಿಗಳು ಎಲ್ಲ ಅದ್ರಲ್ಲೇ ಇರೋದು. ನಾಲ್ಕು ಡಿಸ್ಕ್ ತುಂಬಿ ತುಳುಕ್ತಾ ಇತ್ತು ಅಂತ 8 ಟಿಬಿದು ಇನ್ನೆರಡು ತಂದೆ. ತಂದ್ಮೇಲೆ ನೆನಪಾಯ್ತು, ಚುಚ್ಚೋಕೆ ಜಾಗ ಇಲ್ಲ. ಮದರ್‌ಬೋರ್ಡಲ್ಲೇನೋ ಆರು ಸಾಟಾ ಪೋರ್ಟ್ (ಡಿಸ್ಕ್ ಚುಚ್ಚೋ ಕಿಂಡಿ) ಇದೆ, ಆದ್ರೆ ಐದನೇದು ಆರನೇದು ಯಾವಾಗ್ಲೋ ಸತ್ತೋಗಿದ್ವು, ಏನು ಹಾಕಿದ್ರೂ ಕಾಣಿಸ್ತಿರ್ಲಿಲ್ಲ. ಹಳೇ ಬೋರ್ಡು ಪಾಪ, ವಯಸ್ಸಾಯ್ತು ಅಂತ ಮರಣ ಪ್ರಮಾಣಪತ್ರ ನಾನೇ ಬರೆದು ಮುಗಿಸಿದ್ದೆ.

ಸರಿ, ಒಂದು ಕಾರ್ಡ್ ಹಾಕಿದ್ರಾಯ್ತು, ಅದೇನ್ ಮಹಾ ಅನ್ಕೊಂಡೆ.

ಮೊದಲನೇ ಕಾರ್ಡ್ ಬೆರಳುದ್ದ ಇತ್ತು. ಅಷ್ಟು ಚಿಕ್ಕದ್ರಲ್ಲಿ ಎಂಟು ಪೋರ್ಟ್! ನೋಡಿದ್ರೇನೇ ಅನುಮಾನ ಬರ್ಬೇಕಿತ್ತು, ನನಗೆ ಖುಷಿ ಬಂತು. ಎರಡು ಡಿಸ್ಕಿಗೆ ಅಂತ ತಂದಿದ್ದು, ಎಂಟು ಇದೆಯಲ್ಲ ಅಂತ ಆರನ್ನೂ ಅದಕ್ಕೇ ಚುಚ್ಚಿ ವೈರೆಲ್ಲ ನೀಟಾಗಿ ಕಟ್ಟಿ ಫೋಟೋನೂ ತಕ್ಕೊಂಡೆ. ಒಂದು ವಾರ ಏನೂ ತೊಂದರೆ ಇಲ್ಲ. ಆಮೇಲೆ ಭಾನುವಾರ ರಾತ್ರಿ, ಡಿಸ್ಕೆಲ್ಲ ಒಂದು ಗುಂಪಾಗಿ ಸೇರಿಸಿ ನೋಡ್ಕೊಳ್ಳೋ ಝಡ್‌ಎಫ್‌ಎಸ್ ಸ್ಕ್ರಬ್ ಶುರುವಾಯ್ತು, ಅಂದ್ರೆ ಎಲ್ಲ ಡಿಸ್ಕನ್ನೂ ಒಟ್ಟಿಗೆ ಮೊದಲಿಂದ ಕೊನೇತನಕ ಓದಿ ತಾಳೆ ನೋಡೋ ಕೆಲಸ, ಬೆಳಿಗ್ಗೆ ಎದ್ದು ನೋಡ್ತೀನಿ ಪೂಲ್ (ಅಂದ್ರೆ ಆ ಡಿಸ್ಕುಗಳ ಗುಂಪು) ಡಿಗ್ರೇಡೆಡ್, ಎರಡು ಡಿಸ್ಕ್ ನಾಪತ್ತೆ. ರೀಸ್ಟಾರ್ಟ್ ಮಾಡಿದ್ರೆ ಏನೂ ಆಗೇ ಇಲ್ವೇನೋ ಅನ್ನೋ ಥರ ಎರಡೂ ವಾಪಸ್ ಬಂದು ಕೂತಿದ್ವು.

ಆಮೇಲೆ ಓದ್ಕೊಂಡೆ. (ಕೊಂಡ್ಕೊಳ್ಳೋ ಮುಂಚೆ ಓದೋ ಜನ ಬೇರೆ ಇರ್ತಾರೆ.) ಆ ಚಿಪ್ಪಿಗೆ ಸ್ವಂತದ್ದು ಅಂತ ಇರೋದೇ ಎರಡು ಪೋರ್ಟ್, ಮಿಕ್ಕಿದ್ದೆಲ್ಲ ಪೋರ್ಟ್ ಮಲ್ಟಿಪ್ಲೈಯರ್, ಅಂದ್ರೆ ಒಂದೇ ನಲ್ಲಿಗೆ ನಾಲ್ಕು ಪೈಪ್ ಕಟ್ಟಿದ ಹಾಗೆ. ಅದೂ ಸಾಲ್ದು ಅಂತ ಕಾರ್ಡು ಬೋರ್ಡಿನ ಜೊತೆ ಮಾತಾಡೋ ದಾರಿ ಪಿಸಿಐಇ 2.0, ಅದ್ರಲ್ಲೂ ಒಂದೇ ಲೇನ್, ಸೆಕೆಂಡಿಗೆ ಹೆಚ್ಚಂದ್ರೆ 500 ಎಂಬಿ. ಈಗಿನ ಒಂದೊಂದು ಹಾರ್ಡ್ ಡಿಸ್ಕೇ 200ರ ಹತ್ರ ಹತ್ರ ಓದುತ್ತೆ, ಆರು ಸೇರಿದ್ರೆ? ಲೆಕ್ಕ ಕಷ್ಟದ್ದೇನಲ್ಲ, ನಾನು ಹಾಕಿರ್ಲಿಲ್ಲ ಅಷ್ಟೇ.

ಇನ್ಮೇಲೆ ಏನಿದ್ರೂ ನಿಜವಾದ ಸರ್ವರ್ ಸಾಮಾನೇ ಅಂತ ತೀರ್ಮಾನ ಮಾಡ್ದೆ. ಅದನ್ನ ಎಚ್‌ಬಿಎ ಅಂತಾರೆ, ಹೋಸ್ಟ್ ಬಸ್ ಅಡಾಪ್ಟರ್, ಬೋರ್ಡಿಗೆ ಡಿಸ್ಕುಗಳನ್ನ ಜೋಡಿಸೋ ಕಾರ್ಡು. ಮನೆಯವಳಿಗೆ ಹೇಳಿದ್ರೆ "ಬಸ್ಸಿಗೆ ಹಾಕೋ ಸಾಮಾನು ಡಬ್ಬಕ್ಕ್ಯಾಕೆ" ಅಂದ್ಲು. ಹಳೇ ಸರ್ವರ್‌ಗಳಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಕಾರ್ಡ್ ಬೇಕಾದಷ್ಟು ಸಿಗುತ್ತೆ, ಆದ್ರೆ ಅದ್ರಲ್ಲೂ ಗುಂಡಿಗಳಿದಾವೆ. ತೀರಾ ಹಳೇ 1068ಇ ಚಿಪ್ಪಿಂದು 2 ಟಿಬಿಗಿಂತ ಮೇಲೆ ನೋಡೋದೇ ಇಲ್ಲ, 8 ಟಿಬಿ ಡಿಸ್ಕ್ ಕೊಟ್ರೆ ಮಿಕ್ಕಿದ್ದ ಆರಕ್ಕೆ ಕಣ್ಮುಚ್ಚಿ ಕೂರುತ್ತೆ. ಅದನ್ನ ಇನ್ನೇನು ಆರ್ಡರ್ ಒತ್ತಬೇಕು ಅನ್ನೋವಾಗ ಗೊತ್ತಾಗಿ ಬಚಾವಾದೆ. ಕೊನೆಗೆ ಎಸ್‌ಎಎಸ್2008 ಚಿಪ್ ಇರೋದು ತಗೊಂಡೆ, ಎಲ್‌ಎಸ್‌ಐ 9211-8ಐ ಅಂತ ಹೆಸರುವಾಸಿ ಕಾರ್ಡ್ ಇದೆಯಲ್ಲ, ಅದೇ ಚಿಪ್ಪು, ಆದ್ರೆ ನಂದು ಯಾವುದೋ ಸರ್ವರ್ ಕಂಪನಿ ತನ್ನ ಹೆಸರು ಅಂಟಿಸ್ಕೊಂಡು ಮಾರಿದ್ದು.

ಹಾಕ್ದೆ. ಪವರ್ ಒತ್ತಿದೆ. ಫ್ಯಾನ್ ತಿರುಗ್ತು, ಸ್ಕ್ರೀನ್ ಕಪ್ಪು.

ಇದಕ್ಕೆ ಔಷಧಿ ಏನು ಗೊತ್ತಾ? ಟೇಪು. ತಮಾಷೆ ಅಲ್ಲ. ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳಲ್ಲಿ ಬಿ5, ಬಿ6 ಅಂತ ಎರಡಿದಾವೆ, ಎಸ್‌ಎಂಬಸ್ ಲೈನು, ಸರ್ವರ್ ಬೋರ್ಡಿನ ಜೊತೆ ಹರಟೆ ಹೊಡೆಯೋಕೆ ಇರೋದು, ಮನೆ ಬೋರ್ಡುಗಳಲ್ಲಿ ಕೆಲವಕ್ಕೆ ಆ ಹರಟೆ ಕೇಳಿದ್ರೆ ತಲೆ ಕೆಟ್ಟು ಬೂಟೇ ಆಗಲ್ಲ. ಆ ಎರಡರ ಬಾಯಿಗೆ ಟೇಪ್ ಅಂಟಿಸ್ಬೇಕು. ಒಂದೊಂದು ಹಲ್ಲಿಗೆ ಒಂದು ಮಿಲಿಮೀಟರ್ ಜಾಗ. ಕನ್ನಡಕ ಹಣೆ ಮೇಲೇರಿಸಿ ಟ್ವೀಜರ್ ಹಿಡ್ಕೊಂಡು, ಉಸಿರು ಬಿಟ್ರೆ ಟೇಪ್ ಹಾರೋಗುತ್ತೆ, ಉಸಿರು ಹಿಡಿದ್ರೆ ಕೈ ನಡುಗುತ್ತೆ, ಹಂಗೂ ಹಿಂಗೂ ನಾಲ್ಕನೇ ಸಲಕ್ಕೆ ಕೂತ್ಕೊಳ್ತು. ಹಾಕಿ ನೋಡಿದ್ರೆ ಸ್ಕ್ರೀನ್ ಮತ್ತೆ ಕಪ್ಪು. ಅರ್ಧ ಗಂಟೆ ಬೋರ್ಡಿಗೆ ಬೈದ ಮೇಲೆ ತಿಳೀತು ನಾನು ಅಂಟಿಸಿದ್ದು ಎ ಸೈಡಿಗೆ ಅಂತ. ಚಿಪ್ ಇರೋ ಮಗ್ಗುಲು ಬಿ, ಹಿಂದಿನದ್ದು ಎ. ಮತ್ತೆ ಟ್ವೀಜರ್.

ಬೂಟ್ ಆಯ್ತು. ಆದ್ರೆ ಇನ್ನೂ ಡಿಸ್ಕ್ ಚುಚ್ಚೋ ಹಾಗಿಲ್ಲ, ಯಾಕಂದ್ರೆ ಕಾರ್ಡಿನೊಳಗೆ ಡಿಸ್ಕೆಲ್ಲ ತಾನೇ ಸೇರಿಸಿ ಒಂದು ಮಾಡೋ ರೈಡ್ ಫರ್ಮ್‌ವೇರ್ ಇದೆ, ಅದು ಡಿಸ್ಕುಗಳ ಮೇಲೆ ತಾನೇ ಯಜಮಾನಿಕೆ ಮಾಡುತ್ತೆ, ಝಡ್‌ಎಫ್‌ಎಸ್‌ಗೆ ನಡುವೆ ದಲ್ಲಾಳಿ ಇದ್ರೆ ಆಗಲ್ಲ, ಅದಕ್ಕೆ ಡಿಸ್ಕು ನೇರವಾಗಿ ಕೈಗೆ ಸಿಗ್ಬೇಕು. ಅದಕ್ಕೆ ಕಾರ್ಡನ್ನ ಐಟಿ ಮೋಡಿಗೆ ತಿರುಗಿಸ್ಬೇಕು. ಐಟಿ ಅಂದ್ರೆ ಇನಿಷಿಯೇಟರ್ ಟಾರ್ಗೆಟ್, ನಾನು ಎರಡು ದಿನ ಅದು ಸಾಫ್ಟ್‌ವೇರ್ ಜನಕ್ಕೆ ಮಾಡಿರೋ ಮೋಡು ಅಂತಾನೇ ತಿಳ್ಕೊಂಡಿದ್ದೆ. ಪೆನ್‌ಡ್ರೈವಿಂದ ಇಎಫ್‌ಐ ಶೆಲ್ಲಿಗೆ (ಓಎಸ್ ಶುರುವಾಗೋ ಮುಂಚೆ ಕಮಾಂಡ್ ಹೊಡೆಯೋ ಜಾಗ) ಹೋಗಿ, ಕಾರ್ಡಿನ ಸ್ಟಿಕ್ಕರ್ ಮೇಲಿರೋ ಎಸ್‌ಎಎಸ್ ಅಡ್ರೆಸ್, ಅಂದ್ರೆ ಕಾರ್ಡಿನ ಗುರುತಿನ ನಂಬರು, ಹದಿನಾರು ಅಕ್ಷರ ಚೀಟಿ ಮೇಲೆ ಬರ್ಕೊಂಡು, ಹಳೇದನ್ನ ಅಳಿಸಿ ಹೊಸದನ್ನ ಬರೀಬೇಕು. ಎಲ್ಲ ಕಡೆ ಒಂದೇ ಎಚ್ಚರಿಕೆ: ಅಳಿಸಿದ ಮೇಲೆ ಹೊಸದು ಬರೆಯೋ ತನಕ ಮಿಷನ್ ಆಫ್ ಮಾಡಬಾರದು, ಮಾಡಿದ್ರೆ ಕಾರ್ಡು ಇಟ್ಟಿಗೆ.

ಅಳಿಸ್ದೆ. ಹೊಸದು ಬರೆಯೋ ಕಮಾಂಡ್ ಕೊಟ್ಟೆ. ಫೈಲ್ ಇಲ್ಲ ಅಂತು.

ಫೈಲ್ ಹೇಗಿರುತ್ತೆ, ಜಿಪ್ ಬಿಚ್ಚೇ ಇರ್ಲಿಲ್ಲ. ಪೆನ್‌ಡ್ರೈವಲ್ಲಿ ಜಿಪ್ ಗಂಟು ಗಂಟಾಗೇ ಕೂತಿತ್ತು. ಆ ಕಡೆ ಪ್ರಜ್ಞೆ ಇಲ್ದೆ ಮಲಗಿರೋ ಕಾರ್ಡು, ಈ ಕಡೆ ನಾನು ಪೆನ್‌ಡ್ರೈವ್ ಕಿತ್ಕೊಂಡು ಲ್ಯಾಪ್‌ಟಾಪ್ ಹತ್ರ ಓಡ್ತಾ ಇದೀನಿ, ಲ್ಯಾಪ್‌ಟಾಪು ಅಪ್‌ಡೇಟ್ ಹಾಕ್ಕೊಂಡು ನಲವತ್ತು ಪರ್ಸೆಂಟಲ್ಲಿ ಕೂತಿದೆ. ಅದೇ ಟೈಮಿಗೆ ಮನೆಯವಳು ಕಸ ಎಳೆಯೋ ಮಿಷನ್ ಹಿಡ್ಕೊಂಡು ಬಂದು ಯಾವ ಪ್ಲಗ್ ಕೀಳ್ಲಿ ಅಂತ ಕೇಳಿದ್ಲು. ನಾನು ಕಿರುಚಿದ ರೀತಿಗೆ ಮಿಷನ್ ಅಲ್ಲೇ ಬಿಟ್ಟು ಹೋದ್ಲು, ಸಂಜೆ ತನಕ ಮಾತಿಲ್ಲ. ಜಿಪ್ ಬಿಚ್ಚಿ ತಂದು ಚುಚ್ಚಿದ್ರೆ ಶೆಲ್ಲಿಗೆ ಪೆನ್‌ಡ್ರೈವೇ ಕಾಣಿಸ್ತಿಲ್ಲ. ಮ್ಯಾಪ್ ಅಂತ ಹೊಡೆದು ಪಕ್ಕದಲ್ಲಿ ಒಂದು ಗೆರೆ ಮತ್ತೆ ಆರ್ ಅಕ್ಷರ ಹಾಕಿದ್ರೆ ಮತ್ತೆ ಹುಡುಕುತ್ತೆ ಅನ್ನೋದು ಆವತ್ತು ಕಲಿತಿದ್ದು, ಸಾಯೋ ತನಕ ಮರೆಯಲ್ಲ. ಹೊಸ ಫರ್ಮ್‌ವೇರ್ 20.00.07.00 ಹತ್ತಿತು. ಚೀಟಿ ನೋಡಿ ಅಡ್ರೆಸ್ ಹೊಡೆದೆ, ನಾನೇ ಬರೆದ ಬಿ ಯಾವುದು 8 ಯಾವುದು ಗೊತ್ತಾಗದೆ ಟಾರ್ಚ್ ಹಿಡಿದು ಕಾರ್ಡಿನ ಮೇಲೇ ಓದ್ಬೇಕಾಯ್ತು.

ಡಿಸ್ಕ್ ಚುಚ್ಚಿದೆ. ಒಂದೂ ಕಾಣಿಸ್ಲಿಲ್ಲ.

ಫರ್ಮ್‌ವೇರ್ ಇನ್ನೊಂದು ಸಲ ಬರೆದೆ. ಟೇಪ್ ಬದಲಾಯಿಸಿದೆ. ಹೊಸ ಡಿಸ್ಕುಗಳನ್ನೇ ಅನುಮಾನಿಸಿದೆ. ಮೂರನೇ ದಿನ ಕೇಬಲ್ ಬಂದಿದ್ದ ಪ್ಲಾಸ್ಟಿಕ್ ಕವರ್ ಎಸೆಯೋಕೆ ಹೋದಾಗ ಅದ್ರ ಮೇಲೆ ಇರುವೆ ಗಾತ್ರದಲ್ಲಿ "ರಿವರ್ಸ್" ಅಂತಿತ್ತು. ಒಂದು ಕಡೆ ಅಗಲದ ಎಸ್‌ಎಫ್‌ಎಫ್-8087 ಮೂತಿ, ಇನ್ನೊಂದು ಕಡೆ ನಾಲ್ಕು ಸಾಟಾ ಬಾಲ, ಇಂಥ ಕೇಬಲ್ಲಿಗೆ ಹಿಂದು ಮುಂದು ಇರುತ್ತೆ ಅಂತ ಯಾರಿಗ್ರೀ ಹೊಳೆಯುತ್ತೆ? ಕಾರ್ಡಿಂದ ಡಿಸ್ಕಿಗೆ ಹೋಗೋಕೆ ಫಾರ್ವರ್ಡ್, ಬೋರ್ಡಿನ ಸಾಟಾ ಪೋರ್ಟಿಂದ ಡಿಸ್ಕ್ ಕೂರಿಸೋ ಬ್ಯಾಕ್‌ಪ್ಲೇನಿಗೆ ಹೋಗೋಕೆ ರಿವರ್ಸ್. ಎರಡನ್ನೂ ಪಕ್ಕಪಕ್ಕ ಇಟ್ರೆ ಅವಳಿಜವಳಿ, ಹೆತ್ತವರಿಗೂ ಗೊತ್ತಾಗಲ್ಲ, ಒಳಗಡೆ ವೈರಿಂಗ್ ಮಾತ್ರ ಬೇರೆ. ಬೇರೆ ಕೇಬಲ್ ತರಿಸಿದೆ. ಆರೂ ಡಿಸ್ಕ್ ಬಂತು. ನಾನೊಬ್ಬನೇ ಚಪ್ಪಾಳೆ ತಟ್ಟಿದೆ.

ಚಪ್ಪಾಳೆ ತಟ್ಟಿದ ಕೈಯಲ್ಲೇ ಕಾರ್ಡಿನ ಹೀಟ್‌ಸಿಂಕ್ ಮುಟ್ಟಿ ನೋಡ್ದೆ, ಅಪ್ಪಾ! ಸರ್ವರ್ ರ‍್ಯಾಕಲ್ಲಿ ಬಿರುಗಾಳಿ ಬೀಸೋ ಕಡೆ ಇರ್ಲಿ ಅಂತ ಮಾಡಿದ ಕಾರ್ಡು, ಅದಕ್ಕೆ ಸ್ವಂತ ಫ್ಯಾನಿಲ್ಲ. ಒಂದು ಚಿಕ್ಕ ಫ್ಯಾನ್ ತಂದು ಜಿಪ್ ಟೈಯಲ್ಲಿ ಕಟ್ದೆ. ಈಗ ಡಬ್ಬ ರಾತ್ರಿಯೆಲ್ಲ ಸೊಳ್ಳೆ ಥರ ಕುಂಯ್ ಅನ್ನುತ್ತೆ.

ಮುಗೀತು ಅನ್ಕೊಂಡ್ರೆ ಇನ್ನೊಂದು ಚಿಂತೆ ಹತ್ತಿತು, ನಾನು ಕಾರ್ಡ್ ಹಾಕಿರೋ ಕೆಳಗಿನ ಉದ್ದದ ಸ್ಲಾಟಿಗೆ ನಿಜವಾಗ್ಲೂ ಎಷ್ಟು ಲೇನ್ ಇದೆ ಅಂತ. ಬೋರ್ಡಿನ ಮ್ಯಾನ್ಯುಯಲ್ ಹುಡುಕಿ ತೆಗೆದೆ, ಕೊಂಡಾಗಿಂದ ಅದ್ರ ಮಡಿಕೆನೇ ಬಿಚ್ಚಿರ್ಲಿಲ್ಲ. ನೋಡೋಕೆ ಹದಿನಾರು ಲೇನಿನ ಸ್ಲಾಟು, ಒಳಗಡೆ ನಾಲ್ಕೇ ಲೇನು. ಪರ್ವಾಗಿಲ್ಲ, 2.0ರಲ್ಲಿ ನಾಲ್ಕಂದ್ರೆ 2000 ಎಂಬಿ, ಆರು ಡಿಸ್ಕಿಗೆ ಧಾರಾಳ. ಅದೇ ಪುಟದ ಅಡಿಯಲ್ಲಿ ನಕ್ಷತ್ರದ ಗುರುತು ಹಾಕಿ ಒಂದು ಸಾಲಿತ್ತು: ಎರಡನೇ ಎಂ.2 ಸ್ಲಾಟಲ್ಲಿ ಎಸ್‌ಎಸ್‌ಡಿ ಹಾಕಿದ್ರೆ ಸಾಟಾ 5 ಮತ್ತು 6 ಕೆಲಸ ಮಾಡಲ್ಲ.

ಎರಡು ಸಲ ಓದಿದೆ. ನಮ್ಮ ಎಸ್‌ಎಸ್‌ಡಿ ಇರೋದು ಎರಡನೇ ಸ್ಲಾಟಲ್ಲೇ. ಮೊದಲನೇದು ಗ್ರಾಫಿಕ್ಸ್ ಕಾರ್ಡ್ ಕೆಳಗಿತ್ತು ಅಂತ ಸೋಂಬೇರಿತನಕ್ಕೆ ನಾನೇ ಅಲ್ಲಿ ಹಾಕಿದ್ದೆ, ಆಮೇಲೆ ಆ ಗ್ರಾಫಿಕ್ಸ್ ಕಾರ್ಡ್ ಕಿತ್ತು ಎಷ್ಟೋ ಕಾಲ ಆಗೋಯ್ತು.

ರಾತ್ರಿ ಎಲ್ಲ ಮಲಗಿದ ಮೇಲೆ ಡಬ್ಬ ಬಿಚ್ಚಿದೆ. ಎಸ್‌ಎಸ್‌ಡಿನ ಮೊದಲನೇ ಸ್ಲಾಟಿಗೆ ಹಾಕಿ, ಒಂದು ಡಿಸ್ಕ್ ತಂದು ಐದನೇ ಪೋರ್ಟಿಗೆ ಚುಚ್ಚಿದೆ. ಬಂತು. ಆರಕ್ಕೆ ಚುಚ್ಚಿದೆ. ಅದೂ ಬಂತು. ಬಾಗಿಲ ಹತ್ರ ಮನೆಯವಳು ನಿಂತಿದ್ಲು, "ಇನ್ನೂ ಸರಿಹೋಗ್ಲಿಲ್ವಾ" ಅಂದ್ಲು. ಇಲ್ಲ, ಇನ್ನೊಂದೇ ಒಂದು ಸ್ಕ್ರೂ ಅಂದೆ. ಅವಳು ಹೋದ ಮೇಲೆ ಎಸ್‌ಎಸ್‌ಡಿ ಬಿಚ್ಚಿ ಮತ್ತೆ ಎರಡನೇ ಸ್ಲಾಟಿಗೇ ಹಾಕಿ ಸ್ಕ್ರೂ ಬಿಗಿದೆ.