ಸಮಾಧಾನಕ್ಕೊಂದು ಸ್ಕ್ಯಾನ್

ಡ್ಯೂಟಿ ಮುಗಿಸಿ ಈಗಷ್ಟೇ ಬಂದು ಕೂತೆ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಇಳಿದ ಮೇಲೆ ಬರೆದರೆ ತುಂಬಾ ಸಭ್ಯನಾಗಿಬಿಡುತ್ತೇನೆ, ಅದರಿಂದ ಯಾರಿಗೂ ಉಪಯೋಗವಿಲ್ಲ.

ಸಂಜೆ ಮೂರು ವರ್ಷದ ಹುಡುಗನೊಬ್ಬನನ್ನು ತಲೆಯ ಸಿಟಿ ಸ್ಕ್ಯಾನಿಗೆ ಕಳಿಸಿದ್ದರು. ಸೋಫಾದಿಂದ ಬಿದ್ದನಂತೆ. ಹಣೆ ಮೇಲೊಂದು ಬುಗುಟು. ಬಿದ್ದ ತಕ್ಷಣ ಜೋರಾಗಿ ಅತ್ತಿದ್ದಾನೆ. ಎಚ್ಚರ ತಪ್ಪಿಲ್ಲ, ವಾಂತಿ ಇಲ್ಲ. ನನ್ನ ರೂಮಿನ ಹೊರಗಿನ ಬೆಂಚು ಹತ್ತಿ ಇಳಿದು, ಹತ್ತಿ ಇಳಿದು, ಬಾಗಿಲ ಮೇಲಿನ ವಿಕಿರಣ ಎಚ್ಚರಿಕೆಯ ಗುರುತು ತೋರಿಸಿ "ಅದು ಫ್ಯಾನಾ?" ಅಂತ ಕೇಳುತ್ತಿದ್ದ. ಇಷ್ಟು ಚುರುಕಾಗಿ ಕೆಲಸ ಮಾಡುವ ಮೆದುಳನ್ನು ನಾನು ನಮ್ಮ ಸ್ಟಾಫ್ ಮೀಟಿಂಗಿನಲ್ಲೂ ನೋಡಿಲ್ಲ.

ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, "ಸರ್, ಇವನಿಗೆ ಯಾಕೆ?" ಅಂತ. "ಅಪ್ಪ ಅಮ್ಮ ಕೇಳ್ತಿದ್ದಾರೆ, ಮಾಡಿಬಿಡಿ. ಅವರಿಗೂ ಸಮಾಧಾನ, ನಮಗೂ ಸಮಾಧಾನ" ಅಂದರು. ಮಾಡಿದೆ. ನಾರ್ಮಲ್ ಬಂತು. ಎಲ್ಲರಿಗೂ ಸಮಾಧಾನವಾಯಿತು. ಎಕ್ಸ್‌ರೇ ಹಾದುಹೋದದ್ದು ಮಾತ್ರ ಆ ಹುಡುಗನ ತಲೆಯಲ್ಲಿ.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಈ ಯಂತ್ರದ ಶತ್ರುವಲ್ಲ. ಅದರ ಜೊತೆಗೇ ನನ್ನ ಕೂದಲು ಬೆಳ್ಳಗಾಗಿದೆ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆಗುವವರೆಗೆ, ಮೆದುಳಿನ ಸುತ್ತ ಗಾಳಿ ಸೇರಿಸಿ ಎಕ್ಸ್‌ರೇ ತೆಗೆಯುತ್ತಿದ್ದರು. ಆ ನೋವು ತಪ್ಪಿಸಿದ ಯಂತ್ರ ಇದು. ಅಪಘಾತದಲ್ಲಿ ಪ್ರಜ್ಞೆ ಇಲ್ಲದೆ ಬಂದ ಮಗುವಿನ ತಲೆಯೊಳಗಿನ ರಕ್ತಸ್ರಾವವನ್ನು ನಿಮಿಷಗಳಲ್ಲಿ ತೋರಿಸುತ್ತದೆ. ಅಂಥ ಮಗು ಬಂದಾಗ ನಾನು ಯಾರಿಗೂ ಫೋನ್ ಮಾಡಿ ಪ್ರಶ್ನೆ ಕೇಳುವುದಿಲ್ಲ. ಓಡುತ್ತೇನೆ.

ನನ್ನ ಜಗಳ ಇರೋದು ಬೆಂಚು ಹತ್ತಿ ಇಳಿಯುವ ಮಕ್ಕಳ ಬಗ್ಗೆ. ಮಗುವಿನ ಪಕ್ಕ ಕೂತು ನಾಲ್ಕು ಗಂಟೆ ಗಮನಿಸುವುದೂ ಒಂದು ಚಿಕಿತ್ಸೆ ಅಂತ ಯಾರೂ ಒಪ್ಪುತ್ತಲೇ ಇಲ್ಲ. ಡಾಕ್ಟರು "ಇಲ್ಲೇ ಇರಿ, ನೋಡೋಣ" ಅಂದರೆ ಏನೂ ಮಾಡುತ್ತಿಲ್ಲ ಅಂತ ಅರ್ಥ. ಯಂತ್ರದೊಳಗೆ ತಳ್ಳಿದರೆ ಮಾತ್ರ ಏನೋ ಮಾಡಿದಂತೆ.

ಇದು ನನ್ನೊಬ್ಬನ ತಲೆಹರಟೆ ಅಂದುಕೊಳ್ಳಬೇಡಿ. ಪೆಕಾರ್ನ್ ಅನ್ನೋ ಮಕ್ಕಳ ತುರ್ತು ಚಿಕಿತ್ಸೆಯ ಸಂಶೋಧನಾ ಜಾಲವೊಂದಿದೆ. ಉತ್ತರ ಅಮೆರಿಕದ 25 ತುರ್ತು ವಿಭಾಗಗಳಲ್ಲಿ, ತಲೆಗೆ ಪೆಟ್ಟು ಬಿದ್ದು ಬಂದ, ಆದರೆ ಹೆಚ್ಚುಕಡಿಮೆ ಎಚ್ಚರವಾಗಿಯೇ ಇದ್ದ 42,412 ಮಕ್ಕಳನ್ನು ಅವರು ಅಧ್ಯಯನ ಮಾಡಿದರು. 2009ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಮಕ್ಕಳಿಗೆ ಸಿಟಿ ಆಗಿತ್ತು. ಮೆದುಳಿಗೆ ಗಂಭೀರ ಪೆಟ್ಟಾಗಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ ಮಕ್ಕಳಿಗೆ. ಆಪರೇಷನ್ ಬೇಕಾಗಿದ್ದು 60 ಮಕ್ಕಳಿಗೆ.

ಆ ಲೆಕ್ಕದಿಂದ ಅವರು ಒಂದು ನಿಯಮ ಮಾಡಿಕೊಟ್ಟರು. ಎರಡು ವರ್ಷ ತುಂಬಿದ ಮಗು ಎಚ್ಚರವಾಗಿದೆ, ವರ್ತನೆ ಸರಿಯಾಗಿದೆ, ಪ್ರಜ್ಞೆ ತಪ್ಪಿಲ್ಲ, ವಾಂತಿಯಿಲ್ಲ, ವಿಪರೀತ ತಲೆನೋವಿಲ್ಲ, ತಲೆಬುರುಡೆಯ ತಳ ಮುರಿದ ಲಕ್ಷಣವಿಲ್ಲ, ಪೆಟ್ಟು ಬಿದ್ದ ರೀತಿಯೂ ಭಾರಿ ಅಲ್ಲ. ಹಾಗಿದ್ದರೆ ಗಂಭೀರ ಪೆಟ್ಟಾಗಿರುವ ಸಾಧ್ಯತೆ 0.05%ಗಿಂತ ಕಡಿಮೆ. ಸ್ಕ್ಯಾನ್ ಬೇಡ. ಬಿದ್ದದ್ದು ಭಾರಿ ಅನ್ನಬೇಕಾದರೆ ಈ ವಯಸ್ಸಿಗೆ ಐದು ಅಡಿಗಿಂತ ಎತ್ತರದಿಂದ ಬಿದ್ದಿರಬೇಕು. ಐದಡಿ ಎತ್ತರದ ಸೋಫಾ ಯಾರ ಮನೆಯಲ್ಲಾದರೂ ಇದ್ದರೆ ಫೋಟೋ ಹಾಕಿ, ನೋಡಬೇಕು.

ನನಗೆ ಈ ನಿಯಮದಲ್ಲಿ ತುಂಬಾ ಇಷ್ಟವಾಗಿದ್ದು ಎರಡು ವರ್ಷದೊಳಗಿನ ಮಕ್ಕಳ ಪಟ್ಟಿ. ಮಾತು ಬಾರದ ಮಗು, ತಲೆ ನೋಯುತ್ತಿದೆ ಅಂತ ಹೇಳಲಾರದು. ಅದಕ್ಕೆ ಅಲ್ಲಿ ತಲೆನೋವಿನ ಮಾತೇ ಇಲ್ಲ. ಬದಲಿಗೆ ಅಪ್ಪ ಅಮ್ಮನನ್ನು ಕೇಳಬೇಕು, ಮಗು ಎಂದಿನ ಹಾಗೇ ಇದೆಯಾ ಅಂತ. "ಇಲ್ಲ, ಇವತ್ತು ಯಾಕೋ ಬೇರೆ ಥರ ಇದೆ" ಅಂದರೆ ಅದು ಲೆಕ್ಕಕ್ಕೆ ಬರುತ್ತದೆ. ಇಷ್ಟು ದೊಡ್ಡ ಅಧ್ಯಯನ ಮಾಡಿದವರು ಕೊನೆಗೆ ತಾಯಿಯ ಕಣ್ಣನ್ನೂ ಸಾಕ್ಷಿಯಾಗಿ ಇಟ್ಟುಕೊಂಡಿದ್ದಾರೆ. ನಾವು ಆ ತಾಯಿಯನ್ನು ಹೊರಗೆ ಕೂರಿಸಿ, ಯಂತ್ರವನ್ನು ಕೇಳುತ್ತೇವೆ.

ನಡುವಿನ ಗುಂಪೂ ಒಂದಿದೆ. ಒಂದು ಸಲ ವಾಂತಿಯಾಗಿದೆ, ಬೇರೇನೂ ಇಲ್ಲ ಅನ್ನುವಂಥವರು. ಅವರಿಗೂ ನೇರ ಸ್ಕ್ಯಾನ್ ಅಂತ ನಿಯಮ ಹೇಳುವುದಿಲ್ಲ. ಕೆಲವು ಗಂಟೆ ಗಮನಿಸಬಹುದು, ಕೆಟ್ಟರೆ ಸ್ಕ್ಯಾನ್ ಮಾಡಬಹುದು. ಮತ್ತೆ ಅದೇ, ಕೂತು ನೋಡುವುದು.

ವಿಕಿರಣದ ಅಪಾಯ ಎಷ್ಟು? ಉತ್ಪ್ರೇಕ್ಷೆ ಮಾಡಿ ಹೆದರಿಸುವವನಲ್ಲ ನಾನು. ಬ್ರಿಟನ್ನಿನ 2012ರ ಅಧ್ಯಯನದ ಅಂದಾಜು ಇದು: ಹತ್ತು ವರ್ಷದೊಳಗಿನ 10,000 ಮಕ್ಕಳಿಗೆ ತಲೆಯ ಸಿಟಿ ಮಾಡಿದರೆ, ಮುಂದಿನ ಹತ್ತು ವರ್ಷದಲ್ಲಿ ಒಂದು ಹೆಚ್ಚುವರಿ ರಕ್ತ ಕ್ಯಾನ್ಸರ್, ಒಂದು ಹೆಚ್ಚುವರಿ ಮೆದುಳಿನ ಗಡ್ಡೆ. ಯುರೋಪಿನ ಒಂಬತ್ತು ದೇಶಗಳ ಸುಮಾರು ಒಂಬತ್ತೂವರೆ ಲಕ್ಷ ಜನರ ಮಾಹಿತಿ ಹಿಡಿದು 2023ರಲ್ಲಿ ಬಂದ ಅಧ್ಯಯನವೂ ಹತ್ತಿರದ ಮಾತನ್ನೇ ಹೇಳಿತು: ಸಿಟಿ ಆದ 10,000 ಮಕ್ಕಳಲ್ಲಿ ಒಬ್ಬರಿಗೋ ಇಬ್ಬರಿಗೋ ಮುಂದಿನ 12 ವರ್ಷದಲ್ಲಿ ರಕ್ತದ ಕ್ಯಾನ್ಸರ್. ಸಣ್ಣ ಅಪಾಯ, ನಿಜ. ಮಗುವಿಗೆ ಸ್ಕ್ಯಾನ್ ಬೇಕಿದ್ದಾಗ ಈ ಲೆಕ್ಕವನ್ನು ನಾನೇ ಪಕ್ಕಕ್ಕಿಡುತ್ತೇನೆ. ಬೇಡವಾದಾಗ ಇನ್ನೊಂದು ತಟ್ಟೆಯಲ್ಲಿ ತೂಗಲು ಏನಿದೆ ಹೇಳಿ? ದೊಡ್ಡವರ ಸಮಾಧಾನ.

"ಈಗಿನ ಯಂತ್ರಗಳಲ್ಲಿ ಡೋಸ್ ಕಡಿಮೆ ಅಲ್ವಾ?" ಅಂತ ಕೇಳುತ್ತಾರೆ. ಕಡಿಮೆಯೇ. 2008ರಲ್ಲಿ ಇಮೇಜ್ ಜೆಂಟ್ಲಿ ಅನ್ನೋ ಅಭಿಯಾನ ಶುರುವಾಗಿದ್ದೇ ಇದಕ್ಕೆ, ಮಗುವಿನ ಗಾತ್ರಕ್ಕೆ ತಕ್ಕ ಡೋಸ್ ಕೊಡಿ, ದೊಡ್ಡವರ ಸೆಟ್ಟಿಂಗಿನಲ್ಲಿ ಮಕ್ಕಳನ್ನು ಸ್ಕ್ಯಾನ್ ಮಾಡಬೇಡಿ ಅಂತ. ನಾವೂ ಹಾಗೇ ಮಾಡುತ್ತೇವೆ. ಆದರೆ ಕಡಿಮೆ ಅಂತ ಸುಮ್ನೆ ಕೊಡೋದಾ?

ಒಂದು ಮಾತು ಹೇಳಿಬಿಡುತ್ತೇನೆ, ಹೇಳಲು ನಾಚಿಕೆಯಾಗುತ್ತದೆ. ಅಳುವ ಮಗುವನ್ನು ಟೇಬಲ್ ಮೇಲೆ ಮಲಗಿಸಿ ಪಟ್ಟಿ ಬಿಗಿದಾಗ, ಅದು ತಲೆ ಅಲ್ಲಾಡಿಸಿ ಚಿತ್ರ ಕೆಟ್ಟಾಗ, ನನಗೆ ಸಿಟ್ಟು ಬರುತ್ತದೆ. ಮಗುವಿನ ಮೇಲೆ! ಚಿತ್ರ ಕೆಟ್ಟರೆ ಮತ್ತೆ ತೆಗೆಯಬೇಕು, ಅಂದರೆ ಮತ್ತಷ್ಟು ಡೋಸ್. ಇಲ್ಲವೇ ಮಂಪರು ಬರಿಸಬೇಕು. ಆಗ ಉಸಿರಾಟದ ಮೇಲೆ ಕಣ್ಣಿಡಬೇಕು. ತಮಾಷೆ ನೋಡಿ, ಆಗ ಪಕ್ಕದಲ್ಲಿ ಕೂತು ಗಮನಿಸಲು ನರ್ಸ್ ಸಿಗುತ್ತಾರೆ.

ಎಲ್ಲ ಕಡೆ ಹೀಗೇ ಇದೆ ಅನ್ನುತ್ತಿಲ್ಲ. ಹೊಟ್ಟೆನೋವಿನ ಮಗುವಿಗೆ ಅಪೆಂಡಿಕ್ಸ್ ಅನುಮಾನವಿದ್ದರೆ ಮೊದಲು ವಿಕಿರಣವಿಲ್ಲದ ಅಲ್ಟ್ರಾಸೌಂಡ್ ಅನ್ನುವುದು ಸಾಕಷ್ಟು ರೂಢಿಯಾಗಿದೆ. ಆಸ್ಟ್ರೇಲಿಯಾದಲ್ಲಿ ಮುಂಗೈಗೆ ಪೆಟ್ಟಾದ ಮಕ್ಕಳಿಗೂ ಮೊದಲು ಅಲ್ಟ್ರಾಸೌಂಡ್ ಹಿಡಿದು ನೋಡಿ, ಕೈ ಚೇತರಿಕೆಯಲ್ಲಿ ಎಕ್ಸ್‌ರೇಗಿಂತ ಹಿಂದೆ ಬೀಳಲಿಲ್ಲ ಅಂತ 2023ರಲ್ಲಿ ತೋರಿಸಿದರು. ಎಂಆರ್‌ಐನಲ್ಲಿ ವಿಕಿರಣವಿಲ್ಲ, ಆದರೆ ಪುಟ್ಟ ಮಗುವನ್ನು ಅಷ್ಟು ಹೊತ್ತು ಅಲ್ಲಾಡದೆ ಮಲಗಿಸುವವರು ಯಾರು? ತಲೆಯ ವಿಷಯಕ್ಕೆ ಬಂದರೆ ಮಾತ್ರ ಎಲ್ಲರ ಕೈಕಾಲು ನಡುಗುತ್ತವೆ.

ಈಗ ಎಲ್ಲರೂ ಎಸೆಯುವ ಬ್ರಹ್ಮಾಸ್ತ್ರ: "ಏನಾದರೂ ತಪ್ಪಿಹೋದರೆ? ಕೇಸ್ ಹಾಕಿದರೆ?" ಭಯ ನನಗೆ ಅರ್ಥವಾಗುತ್ತದೆ. ಆದರೆ ಗಮನಿಸುವುದು ಅಂದರೆ ಕೈಬಿಟ್ಟು ಮನೆಗೆ ಕಳಿಸುವುದಲ್ಲ. ಮಗು ಕಣ್ಣೆದುರೇ ಇರುತ್ತದೆ, ನನ್ನ ರೂಮು ಅದೇ ಕಟ್ಟಡದಲ್ಲಿದೆ. ಮಂಕಾದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ತಕ್ಷಣ ಕರೆತನ್ನಿ. ಇನ್ನು ನಾರ್ಮಲ್ ರಿಪೋರ್ಟ್ ಸಿಕ್ಕವರು ಏನು ಮಾಡುತ್ತಾರೆ ಗೊತ್ತಾ? ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು ಅಂತ ನರ್ಸ್ ಹೇಳುತ್ತಿರುವಾಗಲೇ ಎದ್ದು ಹೊರಡುತ್ತಾರೆ. ಕೆಲವೊಮ್ಮೆ ಸ್ಕ್ಯಾನಿನಲ್ಲಿ ಪೆಟ್ಟಿಗೆ ಸಂಬಂಧವೇ ಇಲ್ಲದ, ತೊಂದರೆಯೂ ಕೊಡದ ಒಂದು ಸಣ್ಣ ನೀರುಗುಳ್ಳೆ ಸಿಗುತ್ತದೆ. ಅಲ್ಲಿಂದ ಇನ್ನೊಬ್ಬ ಡಾಕ್ಟರು, ಇನ್ನೊಂದು ಸ್ಕ್ಯಾನ್. ಸಮಾಧಾನ ಹುಡುಕಿ ಬಂದವರ ನಿದ್ದೆ ಹೋಯಿತು.

ನಿಜವಾದ ಕಾರಣ ಭಯವೂ ಅಲ್ಲ, ನನ್ನ ಅನುಮಾನ ಹೇಳುತ್ತೇನೆ. ಸ್ಕ್ಯಾನಿಗೆ ಹತ್ತು ನಿಮಿಷ ಸಾಕು. ಗಮನಿಸುವುದಕ್ಕೆ ಒಂದು ಹಾಸಿಗೆ ಬೇಕು, ಗಂಟೆಗಟ್ಟಲೆ ಬೇಕು, ಬಂದು ಬಂದು ನೋಡುವ ಒಬ್ಬ ನರ್ಸ್ ಬೇಕು. ಹಾಸಿಗೆ ಖಾಲಿ ಮಾಡಿಸಲು ನನ್ನ ಯಂತ್ರದಷ್ಟು ವೇಗದ ದಾರಿ ಇನ್ನೊಂದಿಲ್ಲ. ಈ ಮಾತನ್ನು ಮೀಟಿಂಗಿನಲ್ಲಿ ಹೇಳಿದರೆ ಎಲ್ಲರೂ ಫೋನ್ ನೋಡುತ್ತಾರೆ.

"ನಿಮ್ಮ ಮಗು ಆಗಿದ್ದರೆ?" ಅಂತ ಕಾಮೆಂಟ್ ಟೈಪ್ ಮಾಡುತ್ತಿರುವವರು ಸ್ವಲ್ಪ ತಾಳಿ. ನನ್ನ ಮಗಳೂ ಬಿದ್ದಿದ್ದಾಳೆ, ಉಯ್ಯಾಲೆಯಿಂದ. ಒಂದು ಸಲ ವಾಂತಿಯೂ ಆಗಿತ್ತು. ಮಕ್ಕಳ ಡಾಕ್ಟರು ಚೆನ್ನಾಗಿ ಪರೀಕ್ಷೆ ಮಾಡಿ, "ಸ್ಕ್ಯಾನ್ ಈಗ ಬೇಡ, ಇಲ್ಲೇ ಇರಲಿ" ಅಂದರು. ಅವಳನ್ನು ಎತ್ತಿಕೊಂಡು ಹೋಗಿ ನಾನೇ ಬಟನ್ ಒತ್ತಿಬಿಡಲಾ ಅನಿಸಿತ್ತು. ಒತ್ತಲಿಲ್ಲ. ಡಾಕ್ಟರು ಬಂದು ಬಂದು ಅವಳನ್ನು ಮಾತಾಡಿಸಿದರು, ನಗಿಸಿದರು, ನಡೆಸಿ ನೋಡಿದರು. ರಾತ್ರಿ ಮನೆಗೆ ಕಳಿಸಿದರು. ನನ್ನ ಹೆಂಡತಿ ಆ ಡಾಕ್ಟರನ್ನು ಇವತ್ತಿಗೂ ಕ್ಷಮಿಸಿಲ್ಲ. ನನ್ನನ್ನೂ.