ಎಂಬತ್ತು ದಾಟಿದರೂ ಡ್ಯೂಟಿ ಬಿಡದ ಅಜ್ಜಿ

ನನ್ನ ಈ ಹುಚ್ಚಿಗೆ ಮನೆಯಲ್ಲಿ ಇನ್ನೂ ಮರ್ಯಾದೆ ಸಿಕ್ಕಿಲ್ಲ. ರಜಾ ದಿನ ಬೆಳಿಗ್ಗೆ ಫ್ಲಾಸ್ಕಿಗೆ ಕಾಫಿ ತುಂಬಿಸಿ, ಮಡಚುವ ಕುರ್ಚಿಯನ್ನು ಡಿಕ್ಕಿಗೆ ಹಾಕಿ, ಡೆಟ್ರಾಯಿಟ್ ಕಡೆಯ ನಮ್ಮ ಮನೆಯಿಂದ ಸುಮಾರು ಒಂದು ಗಂಟೆ ಕಾರು ಓಡಿಸಿ ಪೋರ್ಟ್ ಹ್ಯೂರಾನ್‌ಗೆ ಹೋಗುತ್ತೇನೆ. ಅಲ್ಲಿ ನದಿ ದಂಡೆಯಲ್ಲಿ ಕೂತು ಸರಕು ಹಡಗು ನೋಡುತ್ತೇನೆ. ಅಷ್ಟೇ ಕೆಲಸ. "ಹಕ್ಕಿ ನೋಡೋಕೆ ಹೋಗೋರಿಗೆ ಬಣ್ಣನಾದ್ರೂ ಸಿಗುತ್ತೆ. ನಿಮಗೆ ಸಿಗೋದು ತುಕ್ಕು" ಅನ್ನುತ್ತಾಳೆ ಹೆಂಡತಿ. ಅವಳು ಮೈಸೂರಿನವಳು. ನಾನು ಸುರತ್ಕಲ್ಲಿನವನು. ರಾತ್ರಿ ಹೊತ್ತು ಪಣಂಬೂರು ಬಂದರಿನ ಹೊರಗೆ ಲಂಗರು ಹಾಕಿದ ಹಡಗುಗಳ ದೀಪ ಎಣಿಸಿಕೊಂಡು ಬೆಳೆದವನು.

ಜಾಗದ ಬಗ್ಗೆ ಒಂದು ಮಾತು. ಹ್ಯೂರಾನ್ ಸರೋವರದ ನೀರು ಇಲ್ಲಿ ಸೇಂಟ್ ಕ್ಲೇರ್ ನದಿಯಾಗಿ ಕೆಳಗೆ ಇಳಿಯುತ್ತದೆ. ಮೇಲೆ ಬ್ಲೂ ವಾಟರ್ ಸೇತುವೆ, ಆಚೆ ದಡ ಕೆನಡಾ. ಸುಪೀರಿಯರ್, ಮಿಶಿಗನ್, ಹ್ಯೂರಾನ್ ಈ ಮೂರು ಸರೋವರಗಳಿಂದ ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್ ಕಡೆ ಹೋಗುವ ಹಡಗಿಗೆ ಬೇರೆ ದಾರಿಯೇ ಇಲ್ಲ. ಎಲ್ಲವೂ ನಮ್ಮ ಮೂಗಿನ ಮುಂದೆಯೇ ಹೋಗಬೇಕು. ಡೆಕ್ಕಿನ ಮೇಲೆ ನಿಂತವರು ಕೈ ಬೀಸಿದರೆ ಕಾಣುವಷ್ಟು ಹತ್ತಿರ. ಇಲ್ಲಿನವರು ಇದನ್ನು ಹಡಗು ಅನ್ನುವುದಿಲ್ಲ. ಸಾವಿರ ಅಡಿ ಉದ್ದವಿದ್ದರೂ ಅದು 'ಬೋಟ್'. ಸಮುದ್ರದಿಂದ ಒಳಗೆ ಬಂದದ್ದಕ್ಕೆ 'ಸಾಲ್ಟೀ' ಅಂತ ಬೇರೆಯದೇ ಹೆಸರು, ಉಪ್ಪುನೀರಿನದು ಅಂತ. ಮಲ್ಪೆಯಲ್ಲಿ ಮೀನು ಹಿಡಿಯುವುದೂ ಬೋಟು, ಇಲ್ಲಿ ಇದೂ ಬೋಟು. ನನಗೆ ಇದು ಮೊದಲ ದಿನವೇ ಇಷ್ಟವಾಗಿಬಿಟ್ಟಿತು.

ನಾನು ಕಾಯುವುದು ಮುಖ್ಯವಾಗಿ ಒಂದೇ ಬೋಟಿಗೆ. ಅದರ ಹೆಸರು ಅಲ್ಪೀನಾ. ಹೆಸರಲ್ಲಿ ಮಾತ್ರ ಅಲ್ಪ, ಉದ್ದ 519 ಅಡಿ. 1942ರಲ್ಲಿ ಡೆಟ್ರಾಯಿಟ್ ಪಕ್ಕದ ರಿವರ್ ರೂಜ್‌ನಲ್ಲಿ ನೀರಿಗಿಳಿದದ್ದು. ಕ್ವಿಟ್ ಇಂಡಿಯಾ ಚಳವಳಿಯ ವರ್ಷ, ಲೆಕ್ಕ ಹಾಕಿ. ಆಗ ಅದರ ಹೆಸರು ಲಿಯಾನ್ ಫ್ರೇಸರ್, ಹೊರುತ್ತಿದ್ದದ್ದು ಕಬ್ಬಿಣದ ಅದಿರು, ಉದ್ದ 639 ಅಡಿ. 1991ರಲ್ಲಿ ಹೊಟ್ಟೆಯಿಂದ 120 ಅಡಿ ಕತ್ತರಿಸಿ ತೆಗೆದು, ಮುಂದು ಹಿಂದು ಸೇರಿಸಿ ಬೆಸುಗೆ ಹಾಕಿ ಸಿಮೆಂಟ್ ಹೊರುವ ಹಡಗು ಮಾಡಿದರು. ಈಗಲೂ ಹಬೆಯಲ್ಲೇ ಓಡುತ್ತದೆ. ಹತ್ತಿರ ಬಂದರೂ ಸದ್ದಿಲ್ಲ. ಡೀಸೆಲ್ ಹಡಗು ಬರುವ ಮೊದಲೇ ಎದೆಯೊಳಗೆ ಒಂಥರಾ ಗುಡುಗುಡು ಕೇಳುತ್ತದೆ. ಇದು ಹಾಗಲ್ಲ, ದೇವಸ್ಥಾನಕ್ಕೆ ಹೊರಟ ಅಜ್ಜಿಯ ಹಾಗೆ ತನ್ನ ಪಾಡಿಗೆ ಸುಮ್ನೆ ಹೋಗುತ್ತದೆ.

ಅಜ್ಜಿ ಅನ್ನುವ ಹೆಸರು ನನ್ನದಲ್ಲ, ಅಮ್ಮ ಇಟ್ಟದ್ದು. ಕಳೆದ ಬೇಸಿಗೆಯಲ್ಲಿ ಇಲ್ಲಿಗೆ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ವಯಸ್ಸು ಹೇಳಿದ ಮೇಲೆ ತುಂಬ ಹೊತ್ತು ನೋಡಿದರು. "ಎಂಥ ಮಾರಾಯ, ನನಗಿಂತ ಹಿರಿಯವಳು. ಇನ್ನೂ ಸಿಮೆಂಟು ಹೊರ್ತಾಳಲ್ಲ! ಮಕ್ಕಳು ಯಾರೂ ಇಲ್ವಾ ಅಜ್ಜಿಗೆ?"

ಅಮ್ಮ ತಮಾಷೆಗೆ ಕೇಳಿದ ಪ್ರಶ್ನೆ. ಆದರೆ ಉತ್ತರ ನಿಜಕ್ಕೂ ಹಾಗೆಯೇ ಇದೆ. ಮಕ್ಕಳು ಕಡಿಮೆ. ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಸರಕು ಸಾಗಿಸುವ ಹಡಗನ್ನು ಅಮೆರಿಕದಲ್ಲೇ ಕಟ್ಟಿರಬೇಕು ಅನ್ನುವುದು 1920ರ ಜೋನ್ಸ್ ಕಾಯ್ದೆ. ಇಲ್ಲಿ ಹಡಗು ಕಟ್ಟುವುದು ಬಹಳ ದುಬಾರಿ. ಹಾಗಾಗಿ ಇರುವುದನ್ನೇ ರಿಪೇರಿ ಮಾಡಿಕೊಂಡು ಓಡಿಸುತ್ತಾರೆ. 1983ರ ನಂತರ ಈ ಸರೋವರಗಳಿಗಾಗಿ ಇಲ್ಲೇ ಕಟ್ಟಿದ ಮೊದಲ ಅಮೆರಿಕನ್ ಸರಕು ಹಡಗು ಮಾರ್ಕ್ ಡಬ್ಲ್ಯು ಬಾರ್ಕರ್ ಕೆಲಸಕ್ಕೆ ಇಳಿದದ್ದು 2022ರಲ್ಲಿ. ನಡುವೆ ಹೆಚ್ಚುಕಡಿಮೆ 40 ವರ್ಷ ಮನೆಯಲ್ಲಿ ತೊಟ್ಟಿಲೇ ತೂಗಲಿಲ್ಲ.

ಇನ್ನೊಂದು ಕಾರಣ ಸಿಹಿನೀರು. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಮನೆಯ ಕಿಟಕಿ ಸರಳಿಗೆ ಅಪ್ಪ ಪ್ರತಿ ವರ್ಷ ಬಣ್ಣ ಬಳಿಯುತ್ತಿದ್ದರು, ಪ್ರತಿ ವರ್ಷ ತುಕ್ಕು ಗೆಲ್ಲುತ್ತಿತ್ತು. ಉಪ್ಪುನೀರಿನ ಸರಕು ಹಡಗು 25-30 ವರ್ಷ ದುಡಿದರೆ ಜಾಸ್ತಿ. ಆಮೇಲೆ ಗುಜರಾತಿನ ಅಲಂಗ್ ಕಡಲತೀರದಂಥ ಜಾಗಕ್ಕೆ ಹೋಗಿ ಗುಜರಿಯಾಗುತ್ತದೆ. ಇಲ್ಲಿ ಹಡಗಿನ ಮೈ ಅಷ್ಟು ಬೇಗ ಸವೆಯುವುದಿಲ್ಲ. ಮೈ ಗಟ್ಟಿ ಇದ್ದರೆ ಒಳಗಿನದ್ದನ್ನು ಬದಲಿಸಬಹುದು.

ಅದಿರಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಕೂತದ್ದೇ ಅದಕ್ಕೆ. ಅಪ್ಪ ಪಣಂಬೂರಿನ ಕುದುರೆಮುಖ ಕಂಪನಿಯ ಪೆಲೆಟ್ ಕಾರ್ಖಾನೆಯಲ್ಲಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕುದುರೆಮುಖದ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಅದನ್ನು ನುಣ್ಣಗೆ ಅರೆದು, ಕಬ್ಬಿಣದ ಪುಡಿ ಬೇರೆ ಮಾಡಿ, ನೀರಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ತರುತ್ತಿದ್ದರು. ಅಲ್ಲಿ ಆ ಪುಡಿಯನ್ನು ಉಂಡೆ ಕಟ್ಟಿ ಸುಟ್ಟು ಹಡಗಿಗೆ ತುಂಬುತ್ತಿದ್ದರು. ಆ ಉಂಡೆಯೇ ಪೆಲೆಟ್. ಅಪ್ಪನ ಪ್ಯಾಂಟಿನ ಜೇಬಿನಲ್ಲಿ ಯಾವಾಗಲೂ ಒಂದೆರಡು ಇರುತ್ತಿದ್ದವು. ನಾವು ಅದರಲ್ಲಿ ಗೋಲಿ ಆಡುತ್ತಿದ್ದೆವು. ಸರಿಯಾಗಿ ಉರುಳುತ್ತಿರಲಿಲ್ಲ, ಆದರೆ ಪಕ್ಕದ ಮನೆಯ ಹುಡುಗನ ಗಾಜಿನ ಗೋಲಿ ಒಡೆಯಲು ಅದಕ್ಕಿಂತ ಒಳ್ಳೆಯ ಆಯುಧ ಇರಲಿಲ್ಲ.

ಇಲ್ಲಿಗೆ ಬಂದು ಎಷ್ಟೋ ವರ್ಷದ ಮೇಲೆ ಸುಪೀರಿಯರ್ ಸರೋವರದ ಮಾರ್ಕೆಟ್ ಎಂಬ ಊರಿಗೆ ಹೋಗಿದ್ದೆವು. ಸಂತೆಯ ಮಾರ್ಕೆಟ್ ಅಲ್ಲ, ಊರಿನ ಹೆಸರೇ ಅದು. ಅಲ್ಲಿ ನೀರೊಳಗೆ ಚಾಚಿಕೊಂಡಿರುವ ಅದಿರಿನ ದಕ್ಕೆ ಇದೆ. ಮೇಲೆ ರೈಲು ಬಂದು ಅದಿರು ಸುರಿಯುತ್ತದೆ. ಕೆಳಗೆ ಹಡಗು ನಿಂತರೆ ಸಾಲುಸಾಲು ಜಾರುಕಾಲುವೆಗಳನ್ನು ಇಳಿಬಿಟ್ಟು ಡೆಕ್ಕಿನ ಬಾಯಿಗಳಿಗೆ ತುಂಬುತ್ತಾರೆ. ಪಂಪೂ ಇಲ್ಲ, ಕ್ರೇನೂ ಇಲ್ಲ, ಅದಿರಿನ ಭಾರವೇ ಕೆಲಸ ಮಾಡುತ್ತದೆ. ಹಳಿ ಪಕ್ಕ ನಡೆಯುವಾಗ ಕಾಲಿಗೆ ಏನೋ ಸಿಕ್ಕಿತು. ಬಗ್ಗಿ ಎತ್ತಿಕೊಂಡೆ. ನಮ್ಮ ಗೋಲಿ! ಅದೇ ಕಂದು, ಅದೇ ಒರಟು, ಅದೇ ತೂಕ. ಇಲ್ಲಿ ಇದಕ್ಕೆ ಟ್ಯಾಕೊನೈಟ್ ಪೆಲೆಟ್ ಅನ್ನುತ್ತಾರೆ. ಒಳ್ಳೆಯ ಅದಿರು ಮುಗಿಯುತ್ತ ಬಂದಾಗ, 1950ರ ದಶಕದಲ್ಲಿ, ಇವರೂ ಬಡ ಅದಿರನ್ನು ಅರೆದು ಉಂಡೆ ಕಟ್ಟಲು ಶುರು ಮಾಡಿದ್ದು. ಅದನ್ನು ಅಮ್ಮನಿಗೆ ತೋರಿಸಿದಾಗ ಮೂಸಿ ನೋಡಿ, "ನಿನ್ನ ಅಪ್ಪನ ಅಂಗಿ ವಾಸನೆ" ಅಂದರು. ನನಗೆ ಯಾವ ವಾಸನೆಯೂ ಬರಲಿಲ್ಲ.

ಕುದುರೆಮುಖದ ಗಣಿ 2005ರ ಕೊನೆಗೆ ಮುಚ್ಚಿತು. ಮುಚ್ಚಿದ್ದು ಸರಿ ಅನ್ನುವವನು ನಾನು. ಅದು ಭದ್ರೆ ಹುಟ್ಟುವ ಕಾಡು. ಅಪ್ಪನ ಎದುರು ಇದನ್ನು ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ಇಲ್ಲೂ ಎಲ್ಲ ಚೆನ್ನ ಅಂತ ಅಲ್ಲ. ಸಿಲ್ವರ್ ಬೇ ಎಂಬಲ್ಲಿ 1955ರಿಂದ 1980ರವರೆಗೆ ಅರೆದು ಉಳಿದ ಗಣಿಹೂಳನ್ನು ನೇರ ಸುಪೀರಿಯರ್ ಸರೋವರಕ್ಕೇ ಸುರಿದಿದ್ದಾರೆ. ಹಡಗಿನ ಚೆಂದ ನೋಡುವಾಗ ಇದನ್ನು ಮರೆಯುವುದು ತುಂಬ ಸುಲಭ, ನಾನೂ ಮರೆಯುತ್ತೇನೆ. ಆದರೆ ಒಂದು ಮಾತು. ಮಧ್ಯಮ ಗಾತ್ರದ ಒಂದು ಬೋಟ್ ಸುಮಾರು 25,000 ಟನ್ ಅದಿರು ಹೊರುತ್ತದೆ. ಲಾರಿಗೆ 25 ಟನ್ ಹಿಡಿದರೂ ಸಾವಿರ ಲಾರಿ. ಬಳ್ಳಾರಿಯ ಅದಿರು ಲಾರಿಗಳು ಶಿರಾಡಿ ಘಾಟಿಯನ್ನು ಏನು ಮಾಡಿದ್ದವು ಅಂತ ನೆನಪಿರುವವರಿಗೆ ಈ ಲೆಕ್ಕ ಅರ್ಥವಾದೀತು.

ಈಗ ಜಗಳದ ವಿಷಯ. ಹಡಗು ನೋಡುವವರ ಪೈಕಿ ಒಂದು ಪಂಗಡವಿದೆ. ಯಾವುದೇ ಹಳೆ ಹಡಗಿನ ಹಬೆ ಇಂಜಿನ್ ತೆಗೆದು ಡೀಸೆಲ್ ಹಾಕಿದರೂ ಇವರ ಮನೆಯಲ್ಲಿ ಸೂತಕ. "ಹಡಗಿನ ಜೀವ ಹೋಯ್ತು" ಅನ್ನುತ್ತಾರೆ. ದಂಡೆಯಲ್ಲಿ ನನ್ನ ಪಕ್ಕದಲ್ಲೇ ಕೂರುವ ಒಬ್ಬರು ರಿಟೈರ್ ಆದ ಹಿರಿಯರು ಈ ಪಂಗಡದ ಮುಖಂಡರು. ಬಿಸ್ಕೆಟ್ ಹಂಚಿಕೊಳ್ಳುತ್ತೇವೆ, ಅಭಿಪ್ರಾಯ ಹಂಚಿಕೊಳ್ಳುವುದಿಲ್ಲ.

ನಾನು ಹೇಳುವುದು ಉಲ್ಟಾ. ಈ ಹಡಗುಗಳು ಉಳಿದದ್ದೇ ಬದಲಾದ್ದರಿಂದ. ಲೀ ಎ ಟ್ರೆಗರ್ಥಾ ಅಂತ ಒಂದು ಬೋಟ್ ಇದೆ. 1942ರಲ್ಲಿ ಕಟ್ಟಿದಾಗ ಅದು ಅಮೆರಿಕದ ನೌಕಾಪಡೆಯ ತೈಲ ಹಡಗು, ಎರಡನೇ ಮಹಾಯುದ್ಧದಲ್ಲಿ ದುಡಿದದ್ದು. 1961ರಲ್ಲಿ ನಡುಭಾಗ ಹೊಸದು ಹಾಕಿ ಅದಿರಿಗೆ ತಂದರು. 1978ರಲ್ಲಿ ತಾನೇ ಸರಕು ಇಳಿಸುವ ಯಂತ್ರ ಕೂರಿಸಿದರು. 2006ರಲ್ಲಿ ಹಬೆ ಹೋಗಿ ಡೀಸೆಲ್ ಬಂತು. ಇಷ್ಟೆಲ್ಲ ಆದಮೇಲೂ ಮುಂದಿನ ಕ್ಯಾಬಿನ್ ಮೇಲೆ ಯುದ್ಧದ ಪದಕದ ಪಟ್ಟಿಗಳನ್ನು ಬಣ್ಣದಲ್ಲಿ ಬರೆದುಕೊಂಡು ಓಡಾಡುತ್ತದೆ. ಇದನ್ನು ಹಳೆಯದಲ್ಲ ಅನ್ನುವುದು ಹೇಗೆ?

ಮ್ಯೂಸಿಯಂ ಹಡಗುಗಳೂ ಇವೆ. ಟೊಲೆಡೊದಲ್ಲಿ 1911ರ ಸ್ಕೂನ್‌ಮೇಕರ್ ನಿಂತಿದೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬಹುದು. ಚೆನ್ನಾಗಿಯೇ ಇಟ್ಟಿದ್ದಾರೆ, ಮಗಳಿಗೆ ಖುಷಿಯಾಯಿತು. ನನಗೆ ಮಾತ್ರ ನಮ್ಮೂರ ಕಡೆಯ ಹೋಮ್‌ಸ್ಟೇಗಳ ಒರಳುಕಲ್ಲು ನೆನಪಾಯಿತು. ಅಂಗಳದಲ್ಲಿಟ್ಟು, ನೀರು ತುಂಬಿ, ದಾಸವಾಳ ತೇಲಿಬಿಡುತ್ತಾರಲ್ಲ, ಅದು. ನಮ್ಮ ಅಮ್ಮನ ಅಡುಗೆಮನೆಯ ಕಲ್ಲಿನ ಗ್ರೈಂಡರಿಗೆ ಮೋಟಾರು ಬಂದಿದೆ, ವೈರು ಬಂದಿದೆ, ಶಾಕ್ ಕೂಡ ಹೊಡೆಯುತ್ತದೆ. ಆದರೆ ಹಿಟ್ಟು ರುಬ್ಬುತ್ತದೆ. ಎರಡರಲ್ಲಿ ಯಾವುದು ಅಜ್ಜಿಯ ಒರಳಿನ ನಿಜವಾದ ವಾರಸುದಾರ ಅಂತ ಕೇಳಿದರೆ ನಾನು ಶಾಕ್ ಹೊಡೆಯುವುದನ್ನೇ ಹೇಳುತ್ತೇನೆ.

ಬದಲಾವಣೆಗೆ ಬೆಲೆ ಇಲ್ಲ ಅಂತಲ್ಲ. ಹಡಗುಗಳಿಗೆ ತಾವೇ ಸರಕು ಇಳಿಸುವ ಯಂತ್ರ ಬಂತಲ್ಲ, ಹೊಟ್ಟೆಯ ಅಡಿಯಲ್ಲಿ ಬಾಗಿಲು ತೆರೆದು, ಬೆಲ್ಟಿನ ಮೇಲೆ ಅದಿರು ಬೀಳಿಸಿ, ಉದ್ದನೆಯ ತೋಳು ಚಾಚಿ ದಡಕ್ಕೆ ಸುರಿಯುವುದು. ಅದು ಬಂದಮೇಲೆ ದಕ್ಕೆಯಲ್ಲಿ ದುಡಿಯುತ್ತಿದ್ದವರು ಬೇಡವಾದರು. ಕ್ಲೀವ್‌ಲ್ಯಾಂಡಿನಲ್ಲಿ ಹಡಗಿನೊಳಗೆ ಕೈ ಹಾಕಿ ಅದಿರು ಬಾಚುತ್ತಿದ್ದ ಹುಲೆಟ್ ಎಂಬ ದೈತ್ಯ ಯಂತ್ರಗಳು 1992ರಲ್ಲಿ ನಿಂತವು. ಆ ಹುಲೆಟ್ ಬಂದಾಗ ಅದಕ್ಕೂ ಮೊದಲು ಸಲಿಕೆ ಹಿಡಿದಿದ್ದವರು ಮನೆಗೆ ಹೋಗಿದ್ದರು.

ನನ್ನ ವಾದಕ್ಕೆ ಸಾಕ್ಷಿ ಅಂತ ನಾನು ಯಾವಾಗಲೂ ಎತ್ತುವ ಹೆಸರು ಆರ್ಥರ್ ಎಂ ಆಂಡರ್‌ಸನ್. 1952ರದ್ದು. 1975ರ ನವೆಂಬರ್ 10ರ ರಾತ್ರಿ ಸುಪೀರಿಯರ್ ಸರೋವರದ ಬಿರುಗಾಳಿಯಲ್ಲಿ ಎಡ್ಮಂಡ್ ಫಿಟ್ಜೆರಾಲ್ಡ್ ಮುಳುಗಿ 29 ಜನ ಸತ್ತರು. ಅದರ ಹೊಟ್ಟೆಯಲ್ಲಿದ್ದದ್ದೂ ಪೆಲೆಟ್ಟೇ. ಕೆಲವೇ ಮೈಲಿ ಹಿಂದೆ ಬರುತ್ತಿದ್ದದ್ದು ಈ ಆಂಡರ್‌ಸನ್. ರೇಡಿಯೋದಲ್ಲಿ ಹೇಗಿದ್ದೀರಿ ಅಂತ ಕೇಳಿದಾಗ ಆ ಕಡೆಯಿಂದ ಬಂದ ಕೊನೆಯ ಮಾತು, ಹೇಗೋ ನಿಭಾಯಿಸುತ್ತಿದ್ದೇವೆ ಅಂತ. ಆಮೇಲೆ ರೇಡಾರಿನಲ್ಲಿ ಏನೂ ಇಲ್ಲ. ಆಂಡರ್‌ಸನ್ ಗಾಳಿಗೆ ಮರೆಯಾದ ಕೊಲ್ಲಿಯನ್ನು ಮುಟ್ಟಿತ್ತು. ಹುಡುಕಲು ಮತ್ತೆ ಹೊರಗೆ ಹೋಗಬಹುದೇ ಅಂತ ಕೋಸ್ಟ್ ಗಾರ್ಡ್ ಕೇಳಿತು. ಕ್ಯಾಪ್ಟನ್‌ಗೆ ತನ್ನ ಹಡಗೂ ಹೋದೀತು ಎಂಬ ಭಯವಿತ್ತು. ಆದರೂ ತಿರುಗಿಸಿದರು. ಅದೇ ವರ್ಷ ಆಂಡರ್‌ಸನ್ ಅನ್ನು ನಡುವೆ ಕತ್ತರಿಸಿ, 120 ಅಡಿ ಸೇರಿಸಿ ಉದ್ದ ಮಾಡಿದ್ದರು. 1980ರ ದಶಕದಲ್ಲಿ ಇಳಿಸುವ ಯಂತ್ರ ಬಂತು. ನಡುವೆ ಎರಡು ವರ್ಷಕ್ಕೂ ಜಾಸ್ತಿ ಡುಲೂತ್‌ನಲ್ಲಿ ಕಟ್ಟಿಹಾಕಿದ್ದರು, ಇನ್ನು ಗುಜರಿಯೇ ಗತಿ ಅಂತ ಎಲ್ಲರೂ ಅಂದುಕೊಂಡಿದ್ದಾಗ 2019ರಲ್ಲಿ ಮತ್ತೆ ಕೆಲಸಕ್ಕೆ ಹೊರಟಿತು. ಅದು ಮೊದಲ ಸಲ ನನ್ನೆದುರು ಹಾದು ಹೋದಾಗ ಫೋಟೊ ತೆಗೆಯುವುದನ್ನೇ ಮರೆತೆ. ಮಗಳು ಕೈಮುಷ್ಟಿ ಎತ್ತಿ ಹಗ್ಗ ಎಳೆದಂತೆ ಮಾಡಿದಳು, ಹಾರ್ನ್ ಹೊಡಿ ಅಂತ. ಮೂರು ಉದ್ದ, ಎರಡು ಗಿಡ್ಡ. ಇಲ್ಲಿನ ಸಲಾಮು ಅದು. ಅವಳು ಕಿವಿ ಮುಚ್ಚಿಕೊಂಡು ನಕ್ಕಳು. ನನ್ನ ಪಕ್ಕದ ಹಿರಿಯರು ಟೋಪಿ ತೆಗೆದಿದ್ದರು.

ಆ ದಿನವೇ ಅವರು ನನ್ನ ವಾದಕ್ಕೆ ಒಂದು ಕಲ್ಲು ಎಸೆದರು. "ಚಾಲೆಂಜರ್ ಬಗ್ಗೆ ಏನು ಹೇಳ್ತೀಯ?" ಸೇಂಟ್ ಮೇರೀಸ್ ಚಾಲೆಂಜರ್ 1906ರದ್ದು. 2013ರವರೆಗೆ ತನ್ನದೇ ಹಬೆಯಲ್ಲಿ ಓಡಿದೆ. ಆಮೇಲೆ ಇಂಜಿನ್ ಕಿತ್ತು, ಮುಂದಿನ ಕ್ಯಾಬಿನ್ ಕಿತ್ತು, ಹಿಂದಿನಿಂದ ತಳ್ಳುವ ಪುಟ್ಟ ಹಡಗು, ಅಂದರೆ ಟಗ್, ಜೋಡಿಸಲು ಗೂಡು ಕೊರೆದು ಇಂಜಿನ್ ಇಲ್ಲದ ಬಾರ್ಜ್ ಮಾಡಿದರು. ಈಗಲೂ ಸಿಮೆಂಟ್ ಹೊರುತ್ತದೆ, ಟಗ್ ತಳ್ಳಿದ ಕಡೆ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಇದೂ ಗೆಲುವೇ ಆಗಬೇಕು. ಮೈ ಅದೇ, ಕೆಲಸ ಅದೇ. ಆದರೆ ಫೋಟೊ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ತಿರುಚುತ್ತದೆ. ಇಂಜಿನ್ ಬದಲಿಸುವುದು ಬೇರೆ, ಚುಕ್ಕಾಣಿಯನ್ನೇ ಕಿತ್ತುಕೊಳ್ಳುವುದು ಬೇರೆ ಅಂತ ಹೇಳಿ ತಪ್ಪಿಸಿಕೊಂಡೆ. ಹಿರಿಯರು ಏನೂ ಹೇಳಲಿಲ್ಲ, ಬಿಸ್ಕೆಟ್ ಪ್ಯಾಕೆಟ್ ಮುಂದೆ ತಳ್ಳಿದರು. ನಾನು ಇನ್ನೂ ಅದರ ಬಗ್ಗೆ ಯೋಚನೆ ಮಾಡುತ್ತಿದ್ದೇನೆ.

ಇನ್ನು ಚಳಿ ಶುರು. ಸುಪೀರಿಯರ್‌ನ ಹಡಗುಗಳನ್ನು ಕೆಳಗಿನ ನೀರಿಗೆ ಇಳಿಸುವ ಸೂ ಎಂಬಲ್ಲಿನ ಲಾಕ್ ಬಾಗಿಲು ಜನವರಿ 15ಕ್ಕೆ ಮುಚ್ಚಿದರೆ ಮಾರ್ಚ್ 25ರವರೆಗೆ ಸುಪೀರಿಯರ್‌ನಿಂದ ಒಂದು ಹಡಗೂ ಕೆಳಗೆ ಬರುವುದಿಲ್ಲ. ನಮ್ಮಲ್ಲಿ ಜೂನ್, ಜುಲೈ ಮೀನುಗಾರಿಕೆ ನಿಷೇಧದ ಹಾಗೆಯೇ. ಬೋಟುಗಳೆಲ್ಲ ದಡಕ್ಕೆ, ವೆಲ್ಡಿಂಗ್, ಬಣ್ಣ, ಇಂಜಿನ್ ಬಿಚ್ಚುವುದು.

ಮೊನ್ನೆ ಸಂಜೆ ಅಲ್ಪೀನಾ ಕೆಳಗೆ ಹೋಯಿತು, ಡೆಟ್ರಾಯಿಟ್ ಕಡೆಗೆ. ಕತ್ತಲಾಗುತ್ತಿತ್ತು, ಫೋಟೊ ಅಲುಗಿದೆ. ಆದರೂ ಅಮ್ಮನಿಗೆ ವಾಟ್ಸಾಪ್ ಮಾಡಿದೆ. ಊರಲ್ಲಿ ಬೆಳಗಿನ ಜಾವ. ಐದು ನಿಮಿಷದಲ್ಲಿ ಉತ್ತರ ಬಂತು.

"ಹೊಗೆ ಸ್ವಲ್ಪ ಜಾಸ್ತಿ ಉಂಟಲ್ಲ. ಅಜ್ಜಿ ಹುಷಾರಿದ್ದಾಳಾ?"